ಎಡತೋಳಿನ ಲಸಿಕೆ

ನಮ್ಮ ಮಕ್ಕಳ ಲಸಿಕಾ ವೇಳಾಪಟ್ಟಿಯಲ್ಲಿ ಒಂದು ಪುಟ್ಟ ನಕ್ಷತ್ರ ಚಿಹ್ನೆ ಇದೆ. ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ರೋಟಾ, ದಡಾರ-ರುಬೆಲ್ಲಾ ಎಂದು ಸಾಲಾಗಿ ಬರೆದ ಹೆಸರುಗಳ ನಡುವೆ ಜೆಇ ಎಂಬ ಲಸಿಕೆಯ ಪಕ್ಕದಲ್ಲಿ ಅದನ್ನು ಹಾಕಿರುತ್ತಾರೆ. ರೋಗ ನೆಲೆಯೂರಿದ ಜಿಲ್ಲೆಗಳಲ್ಲಿ ಮಾತ್ರ ಎಂದು ಅಡಿಯಲ್ಲಿ ಸಣ್ಣ ಅಕ್ಷರಗಳಲ್ಲಿ ವಿವರಣೆ. ಉಳಿದ ಲಸಿಕೆಗಳು ಈ ದೇಶದಲ್ಲಿ ಹುಟ್ಟಿದ ಪ್ರತಿಯೊಂದು ಮಗುವಿಗೂ ಸಲ್ಲುತ್ತವೆ. ಇದೊಂದನ್ನು ಮಾತ್ರ ಮಗು ಯಾವ ಜಿಲ್ಲೆಯದೆಂದು ವಿಚಾರಿಸಿಕೊಂಡು ಕೊಡಲಾಗುತ್ತದೆ. ಮಕ್ಕಳ ವೈದ್ಯೆಯಾಗಿ ಸರ್ಕಾರಿ ಲಸಿಕಾ ಕೇಂದ್ರಗಳಲ್ಲಿಯೇ ಹೆಚ್ಚು ಕಾಲ ಕಳೆದಿರುವ ನನಗೆ ಈ ನಕ್ಷತ್ರದ ಬಗ್ಗೆ ಬರೆಯಬೇಕೆನ್ನಿಸಿ ಬಹಳ ದಿನಗಳಾದವು.

ಜೆಇ ಎಂದರೆ ಜಪಾನೀಸ್ ಎನ್‌ಸೆಫಲೈಟಿಸ್. ನಮ್ಮ ಹಳ್ಳಿಗಳಲ್ಲಿ ಮೆದುಳು ಜ್ವರ ಎನ್ನುತ್ತಾರೆ. ಗದ್ದೆಯಲ್ಲಿ ನಿಂತ ನೀರು, ಆ ನೀರಿನಲ್ಲಿ ಮೊಟ್ಟೆಯಿಡುವ ಕ್ಯೂಲೆಕ್ಸ್ ಸೊಳ್ಳೆ, ಗದ್ದೆಗೆ ಇಳಿಯುವ ಬೆಳ್ಳಕ್ಕಿ, ಊರಂಚಿನಲ್ಲಿ ಓಡಾಡುವ ಹಂದಿ, ಇಷ್ಟರ ನಡುವೆಯೇ ಈ ವೈರಸ್ಸಿನ ಬದುಕು ಸಾಗುತ್ತಿರುತ್ತದೆ. ಹಂದಿಯ ರಕ್ತದಲ್ಲಿ ಅದು ಹೇರಳವಾಗಿ ಬೆಳೆಯುತ್ತದೆ. ಆ ರಕ್ತ ಹೀರಿದ ಸೊಳ್ಳೆ ಮಗುವನ್ನು ಕಚ್ಚಿದಾಗ ವೈರಸ್ ಮಗುವಿನ ದೇಹಕ್ಕೆ ಸೇರುತ್ತದೆ. ಸೋಂಕು ತಗುಲಿದ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ರೋಗ ತೀವ್ರವಾಗುತ್ತದೆ: ಜ್ವರ, ವಾಂತಿ, ಫಿಟ್ಸ್, ಪ್ರಜ್ಞೆ ತಪ್ಪುವುದು. ಮೆದುಳಿಗೆ ಹತ್ತಿದವರಲ್ಲಿ ಶೇಕಡಾ 30ರವರೆಗೂ ಸಾಯುತ್ತಾರೆ. ಉಳಿದುಕೊಂಡವರಲ್ಲಿ ಶೇಕಡಾ 30ರಿಂದ 50ರಷ್ಟು ಮಂದಿಗೆ ಬದುಕಿಡೀ ಉಳಿಯುವ ಊನ. ವೈರಸ್ಸನ್ನು ಕೊಲ್ಲುವ ಔಷಧಿ ಇಂದಿಗೂ ಇಲ್ಲ. ನಾನು ಕಲಿಯುತ್ತಿದ್ದ ಕಾಲದಲ್ಲಿ ವಾರ್ಡಿನಲ್ಲಿದ್ದ ಹುಡುಗಿಯೊಬ್ಬಳು ನೆನಪಾಗುತ್ತಾಳೆ. ಎರಡನೆಯ ತರಗತಿಯ ಮಗು, ಮಗ್ಗಿ ಒಪ್ಪಿಸುತ್ತಿದ್ದವಳು. ಜ್ವರವೇನೋ ಇಳಿಯಿತು. ಮನೆಗೆ ಹೊರಟ ದಿನ ಅವಳು ಅಮ್ಮನ ಮುಖವನ್ನು ಗುರುತಿಸುತ್ತಿರಲಿಲ್ಲ. ಬಿಗಿದುಕೊಂಡ ಅವಳ ಬೆರಳುಗಳನ್ನು ಅಮ್ಮ ಒಂದೊಂದಾಗಿ ಬಿಡಿಸಿ ಎಣ್ಣೆ ಸವರುತ್ತಿದ್ದರು.

ಭಾರತದಲ್ಲಿ ಈ ರೋಗ ಮೊದಲು ಗುರುತಿಗೆ ಬಂದದ್ದು 1955ರಲ್ಲಿ, ತಮಿಳುನಾಡಿನ ವೆಲ್ಲೂರಿನಲ್ಲಿ. 1973ರಲ್ಲಿ ಪಶ್ಚಿಮ ಬಂಗಾಳದ ಬಾಂಕುರಾ, ಬರ್ಧಮಾನ್ ಜಿಲ್ಲೆಗಳಲ್ಲಿ ದೊಡ್ಡದಾಗಿ ಹರಡಿತು. ಆದರೂ ದೇಶವ್ಯಾಪಿ ಎಚ್ಚರ ಮೂಡಿದ್ದು 2005ರಲ್ಲಿ. ಆ ವರ್ಷ ಉತ್ತರ ಪ್ರದೇಶದ ಗೋರಖ್‌ಪುರದ ಸುತ್ತಮುತ್ತ 5,000ಕ್ಕೂ ಹೆಚ್ಚು ಮಂದಿ, ಅದರಲ್ಲೂ ಮಕ್ಕಳು, ಮೆದುಳು ಜ್ವರದಿಂದ ಆಸ್ಪತ್ರೆ ಸೇರಿದರು. ಸಾವುಗಳು 1,000 ದಾಟಿದವು. ಮರುವರ್ಷವೇ ಚೀನಾದಿಂದ ಲಸಿಕೆ ತರಿಸಿ, 1ರಿಂದ 15 ವರ್ಷದ ಮಕ್ಕಳಿಗೆ ಅಭಿಯಾನ ನಡೆಸಿದರು. ಮೊದಲ ಸುತ್ತಿಗೆ ಆಯ್ಕೆಯಾದದ್ದು ಉತ್ತರ ಪ್ರದೇಶ, ಅಸ್ಸಾಂ, ಪಶ್ಚಿಮ ಬಂಗಾಳ ಮತ್ತು ಕರ್ನಾಟಕದ ಒಟ್ಟು 11 ಜಿಲ್ಲೆಗಳು. ನಮ್ಮ ರಾಜ್ಯದಿಂದ ಬಳ್ಳಾರಿ. ಇಂದು ದೇಶದಲ್ಲಿ ಈ ಲಸಿಕೆ ನೀಡುವ ಜಿಲ್ಲೆಗಳು 300ಕ್ಕೂ ಹೆಚ್ಚು. ಆ 11 ಹೀಗೆ ಬೆಳೆದದ್ದು ಹೇಗೆ ಎಂಬುದರಲ್ಲೇ ನಾನು ಹೇಳಬೇಕಾದ ಬಹುಪಾಲು ಅಡಗಿದೆ.

ಅದಕ್ಕೆ ಮೊದಲು, ಕೆಲವು ಲಸಿಕೆಗಳನ್ನು ಎಲ್ಲರಿಗೂ ಕೆಲವನ್ನು ಕೆಲವೆಡೆಗೂ ಕೊಡುವ ನೀತಿಯೇ ಅನ್ಯಾಯವೆಂದು ನಾನು ಭಾವಿಸಿಲ್ಲ ಎಂದು ಸ್ಪಷ್ಟಪಡಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು ಪಟ್ಟಿಯಲ್ಲೂ ಈ ವಿಭಾಗವಿದೆ. ದಡಾರ, ಪೋಲಿಯೊ, ನಾಯಿಕೆಮ್ಮು ಎಲ್ಲ ಮಕ್ಕಳಿಗೆ. ಜೆಇ, ಹಳದಿ ಜ್ವರ, ಯುರೋಪಿನ ಕಾಡುಗಳಲ್ಲಿ ಉಣುಗಿನ ಕಡಿತದಿಂದ ಬರುವ ಮೆದುಳು ಜ್ವರ, ಇವುಗಳ ಲಸಿಕೆ ಆಯಾ ಪ್ರದೇಶದವರಿಗೆ. ಭತ್ತದ ಗದ್ದೆಯೇ ಇಲ್ಲದ ಜೈಸಲ್ಮೇರಿನ ಮರಳುಗಾಡಿನ ಮಗುವಿಗೂ ಲಡಾಖಿನ ಮಗುವಿಗೂ ಜೆಇ ಲಸಿಕೆ ಚುಚ್ಚಿಸಿ ಸಾಧಿಸುವುದೇನೂ ಇಲ್ಲ. ಅಲ್ಲಿ ಬೇರೆ ಕೆಲಸಗಳಿಗೆ ಆ ಹಣವೂ ಆ ನರ್ಸಿನ ಸಮಯವೂ ಬೇಕು.

ಆದರೆ ಪ್ರಾದೇಶಿಕ ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯ ಲಸಿಕೆಗಳು ನಮ್ಮ ಕಾರ್ಯಕ್ರಮದಲ್ಲಿ ಓಡಾಡಿವೆ. ಜೆಇಯಂತೆ ರೋಗವೇ ಒಂದು ನೆಲಕ್ಕೆ ಅಂಟಿಕೊಂಡಿರುವುದು ಒಂದು ಬಗೆ. ಇನ್ನೊಂದರಲ್ಲಿ ರೋಗ ಎಲ್ಲೆಡೆ ಇದೆ, ಲಸಿಕೆಗೆ ಹಣ ಎಲ್ಲೆಡೆ ಇಲ್ಲ. ಮಕ್ಕಳ ತೀವ್ರ ಭೇದಿ ತಡೆಯುವ ರೋಟಾ ವೈರಸ್ ಲಸಿಕೆ 2016ರಲ್ಲಿ ಆಂಧ್ರ, ಹರಿಯಾಣ, ಹಿಮಾಚಲ ಮತ್ತು ಒಡಿಶಾಗಳಲ್ಲಿ ಆರಂಭವಾಗಿ ಕರ್ನಾಟಕಕ್ಕೆ ಬರುವ ಹೊತ್ತಿಗೆ 2019. ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆ 2017ರಲ್ಲಿ ಹಿಮಾಚಲ ಹಾಗೂ ಬಿಹಾರ, ಉತ್ತರ ಪ್ರದೇಶಗಳ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ನಮ್ಮಲ್ಲಿಗೆ 2021ರಲ್ಲಿ ಬಂತು. ನ್ಯುಮೋನಿಯಾದ ರೋಗಾಣುವಿಗೆ ಜಿಲ್ಲೆ, ರಾಜ್ಯ ಎಂಬುದಿಲ್ಲ. ಅಷ್ಟೂ ವರ್ಷ ಅದೇ ಲಸಿಕೆ ನಮ್ಮ ಊರುಗಳ ಖಾಸಗಿ ಕ್ಲಿನಿಕ್ಕುಗಳಲ್ಲಿ ಸಾವಿರಾರು ರೂಪಾಯಿಗೆ ಸಿಗುತ್ತಿತ್ತು. ದುಡ್ಡಿದ್ದವರ ಮಕ್ಕಳಿಗೆ ಸಿಕ್ಕಿತು, ಸರ್ಕಾರಿ ಕೇಂದ್ರಕ್ಕೆ ಬರುವ ಮಕ್ಕಳು ಕಾದರು. ರೋಗ ಹೆಚ್ಚಿರುವ, ಮಕ್ಕಳ ಸಾವು ಹೆಚ್ಚಿರುವ ರಾಜ್ಯಗಳಿಗೆ ಮೊದಲು ಕೊಟ್ಟದ್ದು ಸರಿಯೇ. ಆದರೆ ಅದು ಸರದಿ. ಸರದಿಯಲ್ಲಿ ಹಿಂದೆ ನಿಂತವರಿಗೆ ನಿಮಗಿದು ಬೇಕಿಲ್ಲ ಎಂಬ ಅರ್ಥ ಬರುವಂತೆ ಮಾತನಾಡಬಾರದು. ಲಸಿಕೆ ಯಾಕಿಲ್ಲವೆಂದು ಕೇಳಿದ ತಾಯಂದಿರಿಗೆ "ನಮ್ಮ ಕಡೆ ಆ ರೋಗ ಅಷ್ಟಿಲ್ಲ" ಎಂದು ಉತ್ತರಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮಾತು ನಿಜವಾಗಿರಲಿಲ್ಲ.

ಈಗ ಮೊದಲ ಬಗೆಗೆ, ಜೆಇಗೆ, ಬರುತ್ತೇನೆ. 2018ರ ಆಸುಪಾಸಿನಲ್ಲಿ ಬೆಂಗಳೂರಿನ ಪೂರ್ವದ ಅಂಚಿನಲ್ಲಿ, ಏಳುತ್ತಿದ್ದ ಅಪಾರ್ಟ್‌ಮೆಂಟುಗಳ ಪಕ್ಕದ ತಗಡಿನ ಶೆಡ್ಡುಗಳ ಸಾಲಿನಲ್ಲಿ ಗುರುವಾರದ ಲಸಿಕಾ ಶಿಬಿರ ನಡೆಯುತ್ತಿತ್ತು. ಸಿಂಧನೂರು ತಾಲ್ಲೂಕಿನಿಂದ ಗುಳೆ ಬಂದಿದ್ದ ತಾಯಿಯೊಬ್ಬರು ಒಂಬತ್ತು ತಿಂಗಳ ಮಗಳನ್ನು ತಂದಿದ್ದರು. ದಡಾರ-ರುಬೆಲ್ಲಾ ಲಸಿಕೆಯನ್ನು ನಮ್ಮ ಸಿಸ್ಟರ್ ಬಲತೋಳಿಗೆ ಹಾಕಿ, ವಿಟಮಿನ್ ಎ ಕುಡಿಸಿ, ತಾಯಿ ಕಾರ್ಡಿನಲ್ಲಿ ತಾರೀಖು ಬರೆದರು. ತಾಯಿ ಏಳಲಿಲ್ಲ. ಮಗುವನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿ, ಎಡಗಡೆಯ ಅಂಗಿಯ ತೋಳು ಮೇಲೆತ್ತಿ ಹಿಡಿದು ಕುಳಿತರು.

"ಈ ತೋಳಿಗೆ, ಮೇಡಂ?"

"ಇಷ್ಟೇಮ್ಮಾ, ಮುಗಿಯಿತು."

"ನಮ್ಮೂರಿನಲ್ಲಿ ದೊಡ್ಡವನಿಗೆ ಎರಡೂ ಕಡೆ ಹಾಕಿದ್ದರಲ್ಲ, ಮೇಡಂ. ಇವಳು ಅವನ ತಂಗಿಯೇ."

ಆ ತಾಯಿ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಒಂಬತ್ತು ತಿಂಗಳಿಗೆ ರಾಯಚೂರು ಜಿಲ್ಲೆಯಲ್ಲಿ ಬಲತೋಳಿಗೆ ದಡಾರದ್ದು, ಎಡತೋಳಿಗೆ ಜೆಇ. ಹದಿನಾರು ತಿಂಗಳು ತುಂಬಿದ ಮೇಲೆ ಮತ್ತೊಮ್ಮೆ ಎರಡೂ. ಬೆಂಗಳೂರು ಆಗ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ನಮ್ಮ ಪೆಟ್ಟಿಗೆಯಲ್ಲಿ ಆ ಲಸಿಕೆಯೇ ಇರಲಿಲ್ಲ. ಮಹಾನವಮಿಗೆ ಊರಿಗೆ ಹೋಗುತ್ತೇವೆ ಎಂದರು. ಹೋದಾಗ ಅಲ್ಲಿಯ ಆರೋಗ್ಯ ಕೇಂದ್ರದಲ್ಲಿ ಹಾಕಿಸಿ ಎಂದೆ. ಆದರೆ ಅದಕ್ಕೆ ಎಷ್ಟು ಸಂಗತಿಗಳು ಕೂಡಿ ಬರಬೇಕು ನೋಡಿ. ಎರಡೂ ದುರ್ಬಲಗೊಳಿಸಿದ ವೈರಸ್ಸಿನ ಜೀವಂತ ಲಸಿಕೆಗಳಾದ್ದರಿಂದ ಒಂದೇ ದಿನ ಕೊಡದಿದ್ದರೆ ನಡುವೆ ನಾಲ್ಕು ವಾರ ಕಳೆದಿರಬೇಕು. ಅವರು ಊರಲ್ಲಿರುವ ದಿನಗಳಲ್ಲಿ ಒಂದು ಗುರುವಾರ ಬರಬೇಕು, ಅದು ಹಬ್ಬದ ರಜೆಯಾಗಿರಬಾರದು. ಒಂದು ಸೀಸೆಯಲ್ಲಿ ಐದು ಮಕ್ಕಳಿಗಾಗುವಷ್ಟು ಲಸಿಕೆ ಇರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಒಂದೇ ಮಗುವಿಗಾಗಿ ಸೀಸೆ ಒಡೆಯಲು ಎಷ್ಟೋ ಕಡೆ ಹಿಂದೇಟು ಹಾಕುತ್ತಾರೆ. ಕೂಲಿ ಬಿಟ್ಟು ನಾಲ್ಕು ದಿನಕ್ಕೆಂದು ಊರಿಗೆ ಹೋದ ತಾಯಿ ಇದೆಲ್ಲವನ್ನೂ ಹೊಂದಿಸಿಕೊಳ್ಳಬೇಕು.

ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಗಂಗಾವತಿ, ಸಿಂಧನೂರು, ಮಾನ್ವಿಗಳಲ್ಲಿ ಭತ್ತದ ಗದ್ದೆಗಳು ಮಹಾನವಮಿಯ ಹೊತ್ತಿಗೆ ನೀರು ತುಂಬಿಕೊಂಡು ನಿಂತಿರುತ್ತವೆ. ಮಳೆಗಾಲ ಹಿಂದೆ ಸರಿಯುವ ಆ ತಿಂಗಳುಗಳೇ ನಮ್ಮಲ್ಲಿ ಮೆದುಳು ಜ್ವರದ ಕಾಲ. ಗುಳೆ ಹೋದವರು ಹಬ್ಬಕ್ಕೆ ಊರಿಗೆ ಮರಳುವ ಕಾಲವೂ ಅದೇ. ವರ್ಷವಿಡೀ ಊರಲ್ಲೇ ಇರುವ ಮಗುವಿಗೆ ಲಸಿಕೆಯ ರಕ್ಷಣೆ ಸಿಗುತ್ತದೆ. ವರ್ಷಕ್ಕೊಮ್ಮೆ, ಅದೂ ಅತ್ಯಂತ ಅಪಾಯದ ತಿಂಗಳಲ್ಲಿ, ಬಂದು ಅಂಗಳದಲ್ಲಿ ಮಲಗುವ ಮಗುವಿಗೆ ಏನೂ ಸಿಗುವುದಿಲ್ಲ.

ಜೆಇಯ ಇನ್ನೊಂದು ಗುಣ ಈ ವಿಷಯವನ್ನು ಮತ್ತಷ್ಟು ಬಿಗಿಗೊಳಿಸುತ್ತದೆ. ಮನುಷ್ಯನ ರಕ್ತದಲ್ಲಿ ಈ ವೈರಸ್ ಇನ್ನೊಂದು ಸೊಳ್ಳೆಗೆ ಹತ್ತುವಷ್ಟು ಬೆಳೆಯುವುದಿಲ್ಲ. ಹಾಗಾಗಿ ಮನುಷ್ಯನಿಂದ ಮನುಷ್ಯನಿಗೆ ರೋಗ ಹರಡುವುದಿಲ್ಲ. ಲಸಿಕೆಯನ್ನು ಎಲ್ಲರಿಗೂ ಕೊಡಬೇಕಿಲ್ಲ ಎನ್ನುವವರು ಇದನ್ನೇ ಮುಂದಿಡುತ್ತಾರೆ: ದಡಾರದ ಹಾಗೆ ಇಲ್ಲಿ ಸರಪಳಿ ಮುರಿಯುವ ಪ್ರಶ್ನೆಯೇ ಇಲ್ಲ, ಅಪಾಯವಿರುವವರಿಗೆ ಕೊಟ್ಟರೆ ಸಾಕು ಎಂದು. ನಾನು ಅದೇ ಸಂಗತಿಯಿಂದ ಬೇರೆಯೇ ತೀರ್ಮಾನಕ್ಕೆ ಬರುತ್ತೇನೆ. ದಡಾರದ ವಿಷಯದಲ್ಲಿ ಊರಿನ ನೂರು ಮಕ್ಕಳಲ್ಲಿ ತೊಂಬತ್ತೈದಕ್ಕೆ ಲಸಿಕೆ ಆಗಿದ್ದರೆ ಬಿಟ್ಟುಹೋದ ಐದು ಮಕ್ಕಳನ್ನು ಉಳಿದವರು ಕಾಯುತ್ತಾರೆ. ಜೆಇಯಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಆಗಿದ್ದರೂ ನೂರನೆಯ ಮಗುವಿಗೆ ಅದರಿಂದ ಒಂದಿಷ್ಟೂ ಪ್ರಯೋಜನವಿಲ್ಲ. ಬೆಳ್ಳಕ್ಕಿಗೂ ಹಂದಿಗೂ ಯಾರೂ ಲಸಿಕೆ ಹಾಕಿಲ್ಲ, ಸೊಳ್ಳೆ ಎಂದಿನಂತೆ ಇದೆ. ಧನುರ್ವಾಯುವೂ ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಆದರೂ ಮಣ್ಣು ಎಲ್ಲೆಡೆ ಇದೆಯೆಂದು ಅದರ ಲಸಿಕೆಯನ್ನು ಪ್ರತಿ ಮಗುವಿಗೂ ಹಾಕುತ್ತೇವೆ. ನೆರೆಯವರ ಲಸಿಕೆ ಕಾಯದ ರೋಗದಲ್ಲಿ ಗಡಿ ಎಳೆಯುವವರು ಹೆಚ್ಚು ಉದಾರವಾಗಿ ಎಳೆಯಬೇಕು. ಗಡಿಯ ಹೊರಗೆ ಉಳಿದ ಮಗುವಿನ ನೆರವಿಗೆ ಬೇರೆ ಯಾರೂ ಇಲ್ಲ.

ಆ ಗಡಿಯನ್ನು ಎಳೆಯುವುದಾದರೂ ಹೇಗೆ? ಜಿಲ್ಲೆಯಲ್ಲಿ ಪ್ರಕರಣಗಳು ದೃಢಪಟ್ಟಿರಬೇಕು. ಖಚಿತವಾಗಿ ದೃಢಪಡಿಸಲು ಮಗುವಿನ ಬೆನ್ನಿನಿಂದ ದ್ರವ ತೆಗೆದು, ವೈರಸ್ಸಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ ಎಲೈಸಾ ಪರೀಕ್ಷೆ ಮಾಡಬೇಕು. ಬೆನ್ನಿಗೆ ಸೂಜಿ ಹಾಕುವುದೆಂದರೆ ಮನೆಯವರು ಹೆದರುತ್ತಾರೆ, ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಅದನ್ನು ಮಾಡುವ ಮಕ್ಕಳ ತಜ್ಞರೂ ಇರುವುದಿಲ್ಲ. ಫಿಟ್ಸ್ ಬಂದ ಮಗು ಪಕ್ಕದ ದೊಡ್ಡ ಊರಿಗೆ ಹೋಗುತ್ತದೆ, ಇಲ್ಲವೇ ದಾರಿಯಲ್ಲೇ ಸಾಯುತ್ತದೆ, ದಾಖಲೆಯಲ್ಲಿ ಜ್ವರ ಎಂದಷ್ಟೇ ಉಳಿಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಈ ರೋಗದ ಪರೀಕ್ಷೆಗೆ ದೇಶದ ಪ್ರಮುಖ ಪ್ರಯೋಗಾಲಯಗಳಲ್ಲೊಂದು. ಸುತ್ತಲಿನ ಕೋಲಾರ, ಮಂಡ್ಯದಂಥ ಜಿಲ್ಲೆಗಳ ಮಕ್ಕಳು ಅಲ್ಲಿಗೆ ತಲುಪುತ್ತಾರೆ, ಪರೀಕ್ಷೆ ಆಗುತ್ತದೆ, ಜಿಲ್ಲೆಯ ಹೆಸರು ಪಟ್ಟಿಗೆ ಸೇರುತ್ತದೆ. ದೂರದ ಜಿಲ್ಲೆಯ ಹೆಸರು ಪಟ್ಟಿಯಲ್ಲಿ ಇಲ್ಲದಿರುವುದಕ್ಕೆ ಅಲ್ಲಿ ರೋಗವಿಲ್ಲದಿರುವುದು ಒಂದು ಕಾರಣ ಇರಬಹುದು, ಹುಡುಕಿದವರಿಲ್ಲದಿರುವುದು ಇನ್ನೊಂದು. ಪಟ್ಟಿ ನೋಡಿ ಯಾವುದೆಂದು ಹೇಳಲಾಗುವುದಿಲ್ಲ.

2006ರ 11 ಜಿಲ್ಲೆಗಳು 300 ದಾಟಿದ್ದಕ್ಕೆ ರೋಗ ಹಬ್ಬಿದ್ದೊಂದೇ ಕಾರಣವಲ್ಲ, ಹುಡುಕುವುದೂ ಹಬ್ಬಿತು. ನಮ್ಮ ರಾಜ್ಯದಲ್ಲೇ 2022ರ ಡಿಸೆಂಬರಿನಲ್ಲಿ ಜೆಇ ಲಸಿಕಾ ಅಭಿಯಾನ ನಡೆದಾಗ ಉಡುಪಿ, ದಕ್ಷಿಣ ಕನ್ನಡ, ಹಾಸನ, ತುಮಕೂರು, ಕಲಬುರಗಿಯಂಥ ಜಿಲ್ಲೆಗಳು ಹೊಸದಾಗಿ ಸೇರಿದವು. ಸುಮಾರು 48 ಲಕ್ಷ ಮಕ್ಕಳ ಗುರಿ. ಕರಾವಳಿಯ ಗದ್ದೆಗಳು, ಬೆಳ್ಳಕ್ಕಿಗಳು, ಸೊಳ್ಳೆಗಳು 2022ರಲ್ಲಿ ಹುಟ್ಟಿದವೇ?

ನೆರೆಯವರು ಈ ದಾರಿಯನ್ನು ಮೊದಲೇ ನಡೆದಿದ್ದಾರೆ. ಶ್ರೀಲಂಕಾ 1988ರಲ್ಲಿ ಅಪಾಯ ಹೆಚ್ಚಿರುವ ಜಿಲ್ಲೆಗಳಿಂದ ಆರಂಭಿಸಿ, ಕೊನೆಗೆ ಇಡೀ ದ್ವೀಪದ ಮಕ್ಕಳಿಗೆ ಜೆಇ ಲಸಿಕೆ ಕೊಟ್ಟಿತು. ನೇಪಾಳ 2006ರಲ್ಲಿ ತರಾಯಿ ಬಯಲಿನ ಜಿಲ್ಲೆಗಳಲ್ಲಿ ಶುರು ಮಾಡಿತು. ಬೆಟ್ಟದ ಜಿಲ್ಲೆಗಳಲ್ಲೂ ಕಠ್ಮಂಡು ಕಣಿವೆಯಲ್ಲೂ ರೋಗಿಗಳು ಸಿಗತೊಡಗಿದ ಮೇಲೆ ದೇಶವಿಡೀ ವಿಸ್ತರಿಸಿತು. ಅಮೆರಿಕ ಹೆಪಟೈಟಿಸ್ ಎ ಲಸಿಕೆಯನ್ನು 1999ರಲ್ಲಿ ರೋಗ ಹೆಚ್ಚಿದ್ದ ಪಶ್ಚಿಮದ ಕೆಲವು ರಾಜ್ಯಗಳ ಮಕ್ಕಳಿಗೆ ಮಾತ್ರ ಶಿಫಾರಸು ಮಾಡಿತ್ತು. ಅಲ್ಲಿ ರೋಗ ಇಳಿದು, ಲಸಿಕೆ ಇಲ್ಲದ ರಾಜ್ಯಗಳಲ್ಲೇ ಹೆಚ್ಚಾಗಿ ಕಾಣತೊಡಗಿದಾಗ 2006ರಲ್ಲಿ ದೇಶದ ಎಲ್ಲ ಮಕ್ಕಳಿಗೂ ವಿಸ್ತರಿಸಿದರು.

ಇಲ್ಲೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ಹೈದರಾಬಾದಿನ ಭಾರತ್ ಬಯೋಟೆಕ್, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಜೊತೆಗೂಡಿ 2013ರಲ್ಲಿ ಹೊರತಂದ ಜೆನ್‌ವ್ಯಾಕ್ ಎಂಬ ಜೆಇ ಲಸಿಕೆಗೆ ಬಳಸಿದ ವೈರಸ್ ಕೋಲಾರದ ರೋಗಿಯೊಬ್ಬರ ದೇಹದಿಂದ ಬೇರ್ಪಡಿಸಿದ್ದು. ಆ ತಳಿಯ ವೈಜ್ಞಾನಿಕ ಹೆಸರಿನಲ್ಲೇ ಕೋಲಾರ ಇದೆ. ನಮ್ಮ ಕೆರೆಯಂಗಳದ ಒಬ್ಬರ ಕಾಯಿಲೆಯಿಂದ ದೇಶದ ಮಕ್ಕಳಿಗೆ ರಕ್ಷೆ ಸಿಕ್ಕಿತೆಂಬುದು ನನಗೆ ಬಹಳ ದೊಡ್ಡ ವಿಷಯ.

ನಾನು ಹುಟ್ಟಿ ಬೆಳೆದದ್ದು ಸಾಗರದ ಕಡೆ. ಆದ್ದರಿಂದ ಪ್ರಾದೇಶಿಕ ಲಸಿಕೆ ಎಂದಾಗ ನನ್ನ ಮನಸ್ಸು ಕೊನೆಗೆ ಹೋಗಿ ನಿಲ್ಲುವುದು ಮಂಗನ ಕಾಯಿಲೆಯಲ್ಲಿ. ಅದು ಮಕ್ಕಳ ವೇಳಾಪಟ್ಟಿಯ ಲಸಿಕೆಯಲ್ಲ, ಆರು ವರ್ಷ ದಾಟಿದವರಿಗೆ ಕೊಡುತ್ತಿದ್ದದ್ದು. ಆದರೂ ಒಂದು ಲಸಿಕೆ ಚಿಕ್ಕ ಪ್ರದೇಶಕ್ಕೆ ಮಾತ್ರ ಸೇರಿದ್ದಾದರೆ ಅದರ ಗತಿ ಏನಾಗಬಹುದೆಂದು ತಿಳಿಯಲು ಅದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಡ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿ, ಜನರಿಗೂ ಜ್ವರ ಬಂದಾಗ ಹೊಸ ವೈರಸ್ ಪತ್ತೆಯಾಯಿತು. ಉಣುಗಿನಿಂದ ಹರಡುವ ರೋಗ. ಮರುಕಳಿಸುತ್ತಲೇ ಬಂದ ಈ ರೋಗಕ್ಕೆ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ಲಸಿಕೆ ತಯಾರಾಗುತ್ತಿತ್ತು. ರೋಗ ಕಂಡ ಜಾಗದಿಂದ ಐದು ಕಿಲೋಮೀಟರ್ ದೂರದವರೆಗೆ ಸುತ್ತಲೂ ಹಾಕುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸು, ಆರೇಳು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷ ವರ್ಷ ಬೂಸ್ಟರ್. ಚುಚ್ಚಿದ ಜಾಗ ದಿನಗಟ್ಟಲೆ ನೋಯುತ್ತಿತ್ತು. ಅಡಿಕೆ ಕೊಯ್ಲಿನ ಕಾಲದಲ್ಲಿ ತೋಳು ಎತ್ತಲಾಗದಿದ್ದರೆ ಕೂಲಿ ಹೋಗುತ್ತದೆ ಎಂದು ಜನ ಎರಡನೆಯ ಡೋಸಿಗೆ ಬರುತ್ತಿರಲಿಲ್ಲ. 2005ರಿಂದ 2010ರವರೆಗಿನ ಅಂಕಿಅಂಶಗಳ ಅಧ್ಯಯನದಲ್ಲಿ ಎರಡು ಡೋಸಿನ ಪರಿಣಾಮ ಶೇಕಡಾ 62ರಷ್ಟು, ಬೂಸ್ಟರ್ ಸೇರಿದರೆ 83ರಷ್ಟು ಎಂದು ಕಂಡಿತು. ಇಷ್ಟರಲ್ಲಿ ರೋಗ ತನ್ನ ಹಳೆಯ ಗಡಿ ದಾಟಿತ್ತು. 2012ರಲ್ಲಿ ಬಂಡೀಪುರ, ಆಮೇಲೆ ವಯನಾಡು, ನೀಲಗಿರಿ, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಲಗೋಡಿನಲ್ಲಿ ಸಾವಿನ ಮೇಲೆ ಸಾವು. ಲಸಿಕೆಯ ಗುಣಮಟ್ಟ ಸಾಲದು ಎಂಬ ಕಾರಣಕ್ಕೆ 2022ರಲ್ಲಿ ಅದನ್ನು ನಿಲ್ಲಿಸಿದರು. ಸಾಲದ ಲಸಿಕೆಯನ್ನು ನಿಲ್ಲಿಸಿದ್ದು ಸರಿ. ಆದರೆ ಅದರ ಜಾಗಕ್ಕೆ ಇಡಲು ಬೇರೆಯದು ಸಿದ್ಧವಿರಲಿಲ್ಲ. 2024ರ ಆರಂಭದ ತಿಂಗಳುಗಳಲ್ಲಿ ಶಿವಮೊಗ್ಗ, ಉತ್ತರ ಕನ್ನಡಗಳಿಂದ ಸಾವಿನ ಸುದ್ದಿ ಬಂದಾಗ ಮಲೆನಾಡಿನವರ ಕೈಯಲ್ಲಿದ್ದದ್ದು ಮೈಗೆ ಹಚ್ಚಿಕೊಳ್ಳುವ ಎಣ್ಣೆ ಮಾತ್ರ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸದಲ್ಲಿವೆ.

ಪ್ರದೇಶ ಚಿಕ್ಕದಾದರೆ ಹೀಗೇ ಆಗಬೇಕೆಂದೇನಿಲ್ಲ. ಆಫ್ರಿಕದಲ್ಲಿ ಸೆನೆಗಲ್‌ನಿಂದ ಇಥಿಯೋಪಿಯದವರೆಗಿನ ಭೂಪಟ್ಟಿಯಲ್ಲಿ ಎ ಗುಂಪಿನ ಮೆನಿಂಜೈಟಿಸ್, ಅಂದರೆ ಮೆದುಳಿನ ಪೊರೆಯ ಉರಿಯೂತ, ದಶಕಗಟ್ಟಲೆ ಜನರನ್ನು ಕೊಂದಿತ್ತು. ಶ್ರೀಮಂತ ದೇಶಗಳಲ್ಲಿ ಆ ಬಗೆಯ ರೋಗ ಇರಲಿಲ್ಲವಾದ್ದರಿಂದ ದೊಡ್ಡ ಕಂಪನಿಗಳು ಮನಸ್ಸು ಮಾಡಲಿಲ್ಲ. ಡೋಸಿಗೆ ಅರ್ಧ ಡಾಲರ್ ಮೀರದಂತೆ ಲಸಿಕೆ ಬೇಕೆಂದು ಆ ದೇಶಗಳೇ ಕೇಳಿದವು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿಕೊಟ್ಟಿತು. 2010ರಲ್ಲಿ ಬುರ್ಕಿನಾ ಫಾಸೊ, ಮಾಲಿ, ನೈಜರ್‌ಗಳಲ್ಲಿ ಆರಂಭವಾದ ಅಭಿಯಾನ ಆ ಭೂಪಟ್ಟಿಯುದ್ದಕ್ಕೂ ನಡೆದು, ಎ ಗುಂಪಿನ ರೋಗ ಬಹುತೇಕ ಮಾಯವಾಯಿತು. ಅದೂ ಪ್ರಾದೇಶಿಕ ಲಸಿಕೆಯೇ. ಆದರೆ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ದೇಶಗಳಿದ್ದವು, ಒಟ್ಟಾಗಿ ಕೇಳುವ ದನಿ ಇತ್ತು. ಸಾಗರ, ಹೊಸನಗರ, ಸಿದ್ದಾಪುರ, ತೀರ್ಥಹಳ್ಳಿಗಳ ಕಾಡಂಚಿನ ಮನೆಗಳಿಗೆ ಆ ದನಿ ಇಲ್ಲ. ಅವರ ಪರವಾಗಿ ಕೇಳಬೇಕಾದದ್ದು ರಾಜ್ಯ.

ನನ್ನ ಅಭಿಪ್ರಾಯ ಕೇಳಿದರೆ, ಕರ್ನಾಟಕದ ಮಟ್ಟಿಗೆ ಜೆಇ ಪಕ್ಕದ ನಕ್ಷತ್ರವನ್ನು ಅಳಿಸಿಬಿಡಬೇಕು. ಕೆರೆ, ಕಾಲುವೆ, ಗದ್ದೆಗಳ ರಾಜ್ಯ ಇದು. ಹಳ್ಳಿಗೂ ಬೆಂಗಳೂರಿಗೂ ನಡುವೆ ಜನ ವರ್ಷವಿಡೀ ಓಡಾಡುತ್ತಿರುತ್ತಾರೆ. ಒಂಬತ್ತು ತಿಂಗಳಿಗೆ ಹೇಗೂ ಬರುವ ಮಗುವಿಗೆ ಅದೇ ಭೇಟಿಯಲ್ಲಿ ಹಾಕುವ ಲಸಿಕೆ ಇದು, ಹೊಸ ದಿನ ಗೊತ್ತುಪಡಿಸಬೇಕಿಲ್ಲ. ದೇಶದ ಮಟ್ಟದಲ್ಲಿ ಪಟ್ಟಿ ಇರಲಿ, ಆದರೆ ಪಟ್ಟಿಯಲ್ಲಿರುವ ಜಿಲ್ಲೆಯಿಂದ ಬಂದ ಮಗು ಯಾವ ಊರಿನಲ್ಲಿದ್ದರೂ ಅದಕ್ಕೆ ಲಸಿಕೆ ಸಿಗಲಿ. ಹಾಗೆ ಬಂದ ಮಗುವಿಗಾಗಿ ಒಂದು ಸೀಸೆ ಒಡೆದು ನಾಲ್ಕು ಡೋಸು ವ್ಯರ್ಥವಾದರೆ ಅದಕ್ಕೆ ಯಾವ ಸಿಸ್ಟರೂ ವಿವರಣೆ ಕೊಡುವಂತಾಗಬಾರದು. ತಾಯಿ ಕಾರ್ಡಿನಲ್ಲಿ ಈಗಿನ ವಿಳಾಸದ ಜೊತೆಗೆ ಊರಿನ ಹೆಸರಿಗೂ ಒಂದು ಸಾಲು ಬೇಕು.

ಪಟ್ಟಿಯ ಜೊತೆಗೇ ಪ್ರಕಟವಾಗಬೇಕಾದ ಇನ್ನೊಂದು ಲೆಕ್ಕವಿದೆ. ಯಾವ ಜಿಲ್ಲೆಯಲ್ಲಿ ಎಷ್ಟು ಪ್ರಕರಣ ಎಂದು ಹೇಳುವ ಪಕ್ಕದಲ್ಲೇ, ಆ ಜಿಲ್ಲೆಯಲ್ಲಿ ಮೆದುಳು ಜ್ವರದ ಶಂಕೆಯಿಂದ ಎಷ್ಟು ಮಕ್ಕಳ ಬೆನ್ನಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು ಎಂಬುದನ್ನೂ ಪ್ರತಿ ವರ್ಷ ಹೇಳಬೇಕು. ಪ್ರಕರಣ ಸೊನ್ನೆ, ಪರೀಕ್ಷೆ ಇನ್ನೂರು ಎಂದಿದ್ದರೆ ಆ ಜಿಲ್ಲೆಯನ್ನು ಹೊರಗಿಡುವುದನ್ನು ನಾನು ಒಪ್ಪುತ್ತೇನೆ. ಪ್ರಕರಣ ಸೊನ್ನೆ, ಪರೀಕ್ಷೆಯೂ ಸೊನ್ನೆ ಎಂದಿದ್ದರೆ ಅಲ್ಲಿಗೆ ಮೊದಲು ಕಳಿಸಬೇಕಾದದ್ದು ಪರೀಕ್ಷೆಯ ಕಿಟ್ಟು ಮತ್ತು ಬೆನ್ನಿಗೆ ಸೂಜಿ ಹಾಕಬಲ್ಲ ಒಬ್ಬ ವೈದ್ಯರನ್ನು.